ಬೋರಲಿಂಗ ಬೀಗದ ಕೈ ಕೊಟ್ಟು ಬಂದದ್ದು

ಅರಸೀಕೆರೆ ಪೇಟೇಲಿ ಸಾಕಮ್ಮ ಅಂತ ಒಬ್ಬಳಿದ್ದಳು. ಹಪ್ಪಳ ಒತ್ತಿ ಮಾರೋಳು. ಗಂಡ ಇಲ್ಲ, ಸ್ವಂತ ಮನೆ ಇಲ್ಲ, ಇದ್ದದ್ದು ಒಬ್ಬ ಮಗ. ಬೋರಲಿಂಗ ಅಂತ. ಅವನಿಗೆ ಮೀಸೆ ಬಂದಿತ್ತು, ಭುಜ ಬಂದಿತ್ತು, ಅಕ್ಕಿ ಮೂಟೆ ಎತ್ತಿ ಹೆಗಲಿಗೆ ಹಾಕಿಕೊಳ್ಳೋ ಶಕ್ತಿ ಬಂದಿತ್ತು. ಬರಬೇಕಾದ್ದು ಇನ್ನೊಂದು ಮಾತ್ರ ಬಂದಿರಲಿಲ್ಲ. ಅದೇನು ಅಂತ ನಾನು ಹೇಳಬೇಕಿಲ್ಲ, ಕೇಳ್ತಾ ಕೇಳ್ತಾ ನಿಮಗೇ ತಿಳಿಯುತ್ತೆ.

ಸೋಮಾರಿ ಅಲ್ಲ, ಕಳ್ಳ ಅಲ್ಲ, ಎದುರು ಮಾತಾಡೋನಲ್ಲ. ಹೇಳಿದ್ದನ್ನ ಚಾಚೂ ತಪ್ಪದೆ ಮಾಡೋನು. ಅದೇ ಅವನ ತಾಯಿಗೆ ದೊಡ್ಡ ತಲೆನೋವಾಗಿತ್ತು.

ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ತಿರುಗಿ ತಿರುಗಿ ತಾಯಿ ಮಗ ಇಬ್ಬರೂ ಪೇಟೆಯ ಬೀದಿಗಳನ್ನೆಲ್ಲ ಮುಗಿಸಿದ್ದರು. ಒಬ್ಬ ಓನರ್ "ತಾರಸಿ ಮೇಲೆ ಹಪ್ಪಳ ಹರವಬೇಡಿ, ಕಾಗೆ ಬರ್ತವೆ" ಅನ್ನೋನು. ಇನ್ನೊಬ್ಬ "ಉದ್ದಿನ ಹಿಟ್ಟು ಕುಟ್ಟಬೇಡಿ, ನೆಲ ಅದುರುತ್ತೆ" ಅನ್ನೋನು. ಬೋರಲಿಂಗ ಅವರಪ್ಪನ ಫೋಟೋ ತೂಗುಹಾಕೋಣ ಅಂತ ಮೊಳೆ ಹಿಡಿದರೆ ಸಾಕು, ಸಾಕಮ್ಮ ಓಡಿ ಬಂದು ಕೈ ಹಿಡಿಯೋಳು. "ಬೇಡ ಕಣೋ! ಓನರ್ ಬೈತಾರೆ!" ಹಂಗಾಗಿ ಅಪ್ಪ ಟ್ರಂಕಿನಲ್ಲೇ ಇದ್ದ.

ಕೊನೆಗೆ ಇದ್ದದ್ದು ಕನಕರತ್ನಮ್ಮನ ವಠಾರದ ಒಂದು ಮನೆ. ಒಂದು ದಿನ ಆಯಮ್ಮ ಬಾಗಿಲಿಗೆ ಬಂದು, ಒಳಗೂ ಬರದೆ, "ಸಾಕಮ್ಮ, ಮನೆ ಖಾಲಿ ಮಾಡಿ. ನಿಮ್ಮ ಮಗ ನೋಡಿದರೆ ಹಿಂಗಿದಾನೆ. ನಮ್ಮನೆಗೆ ನೆಂಟರು ಬಂದೋರು ಏನಂದ್ಕೋತಾರೆ?" ಅಂದಳು. ಬೋರಲಿಂಗ ಅಲ್ಲೇ ಕೂತಿದ್ದ. ಓನರ್ ಬಾಯಲ್ಲಿ ಖಾಲಿ ಅನ್ನೋ ಮಾತು ಬಿದ್ದಿದ್ದೇ ತಡ, ಎದ್ದು ಚಾಪೆ ಸುತ್ತಿಬಿಟ್ಟ! ಸಾಕಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಪ್ಪಳ ಮಾರಿ ವರ್ಷಾನುಗಟ್ಟಲೆ ಕೂಡಿಟ್ಟ ದುಡ್ಡಿತ್ತು, ಆವತ್ತೇ ಅವಳು ಹಟ ಹಿಡಿದಳು. ಎರಡೇ ಕೋಣೆ ಆಗಲಿ, ಹಪ್ಪಳ ಒಣಗಿಸೋಕೆ ಒಂದು ತಾರಸಿ, ಫೋಟೋಗೆ ಒಂದು ಮೊಳೆ. ಯಾರೂ ಖಾಲಿ ಮಾಡಿ ಅನ್ನದಂಥ ಮನೆ ಬೇಕು!

ಆ ಪೇಟೇಲಿ ದಾದಾಪೀರ್ ಅಂತ ಒಬ್ಬ ಬ್ರೋಕರ್ ಇದ್ದ. ಬೇರೆ ಬ್ರೋಕರುಗಳು ಎರಡೂ ಕಡೆ ಕೈಚಾಚೋರು. ಇವನು ಹಾಗಲ್ಲ. "ನೋಡಕ್ಕಾ, ನಾನು ಕೊಳ್ಳೋರ ಕಡೆಯೋನು. ಮಾರೋರ ಮನೇಲಿ ಒಂದು ಲೋಟ ಟೀ ಕೂಡ ಕುಡಿಯಲ್ಲ" ಅಂದ. ಸಾಕಮ್ಮನಿಗೆ ಧೈರ್ಯ ಬಂತು.

ಮೊದಲನೇ ಮನೆ ನೋಡೋಕೆ ಹೊರಟಾಗ ಸಾಕಮ್ಮ ಮಗನಿಗೆ ಹೇಳಿದಳು, "ಹೋದ ಕಡೆ ಮಂಕಾಗಿ ನಿಲ್ಲಬೇಡ ಕಣಪ್ಪ. ಬಾಯ್ತುಂಬ ಒಳ್ಳೆ ಮಾತಾಡು."

"ಆಗಲಮ್ಮ!"

ಅದು ಕಬ್ಬಿಣದಂಗಡಿ ಮಲ್ಲೇಶಪ್ಪನ ಮನೆ. ಮಲ್ಲೇಶಪ್ಪ ಇನ್ನೇನು ರೇಟು ಹೇಳಬೇಕು, ಬೋರಲಿಂಗ ಶುರು ಮಾಡಿದ. "ಅಯ್ಯಯ್ಯೋ ಅಮ್ಮಾ! ಎಂಥಾ ಮನೆ! ಎಂಥಾ ಕಿಟಕಿ! ಇಂಥಾ ಬಚ್ಚಲು ಲೋಕದಲ್ಲಿಲ್ಲ! ಯಜಮಾನರೇ, ನೀವೆಷ್ಟು ಕೇಳಿದರೂ ಕಮ್ಮೀನೇ!"

ಮಲ್ಲೇಶಪ್ಪ ಕೆಮ್ಮಿದ. ಹೇಳಬೇಕಂತಿದ್ದ ರೇಟು ನುಂಗಿಕೊಂಡು ಅದಕ್ಕಿಂತ ದೊಡ್ಡದೊಂದು ಹೇಳಿದ. ಬೋರಲಿಂಗ ಅದನ್ನೂ ಹೊಗಳಿದ! ದಾದಾಪೀರ್ ಅವನ ತೋಳು ಹಿಡಿದು ಬೀದಿಗೆ ಎಳೆದುಕೊಂಡು ಬಂದ.

"ಏ ಮಂಕೆ! ಮಾರೋರ ಮುಂದೆ ಹೊಗಳ್ತಾರೇನೋ? ಅವರು ಏನೇ ತೋರಿಸಲಿ, ಮುಖ ಸಿಂಡರಿಸಬೇಕು. ಒಂದು ಐಬು ಹೇಳಬೇಕು!"

ಬೋರಲಿಂಗನ ಕಿವಿ ಕೆಂಪಾಯಿತು. ಹೆಗಲ ಮೇಲಿನ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. "ನಾಚಿಕೆ ಆಯ್ತಣ್ಣ. ಇನ್ನು ಹಂಗೇ ಮಾಡ್ತೀನಿ" ಅಂದ.

ನಾಚಿಕೆ ಅವನಿಗೆ ನಿಜವಾಗಿಯೂ ಆಗೋದು. ದಡ್ಡರಿಗೆ ನಾಚಿಕೆ ಇರಲ್ಲ ಅಂತ ತಿಳಿದಿರೋ ಬುದ್ಧಿವಂತರು ಬೇಕಾದಷ್ಟು ಜನ ಇದ್ದಾರೆ, ಇರಲಿ ಬಿಡಿ. ಬೈಸಿಕೊಂಡಷ್ಟೂ ಅವನು ಆ ಹೊಸ ಮಾತನ್ನ ಇನ್ನೂ ಬಿಗಿಯಾಗಿ ಹಿಡಿದುಕೊಳ್ಳೋನು.

ಎರಡನೇ ಮನೆ. ಮನೆಯಾಕೆ ನಗುನಗುತ್ತ ಕಾಫಿ ತಂದುಕೊಟ್ಟಳು. ಬೋರಲಿಂಗ ಮುಖ ಸಿಂಡರಿಸಿದ. "ನೀರು!" ಅಂದ. ಆಕೆ ಪಾಪ, ಲೋಟ ವಾಪಸ್ ತಗೊಂಡಳು. ಒಳಗಿಂದ ಮೊಮ್ಮಗೂನ ಎತ್ತಿಕೊಂಡು ಬಂದು ಸಾಕಮ್ಮನಿಗೆ ತೋರಿಸಿದಳು. "ನೋಡ್ರೀ, ನಮ್ಮ ಮಗಳ ಮಗು. ಮೊನ್ನೆ ಇನ್ನೂ ತೊಟ್ಟಿಲಿಗೆ ಹಾಕಿದ್ವಿ."

ತೋರಿಸಿದರಲ್ಲ! ಬೋರಲಿಂಗ ಬಗ್ಗಿ ಮಗೂನ ಮೇಲಿಂದ ಕೆಳಗೆ ನೋಡಿದ.

"ತಲೆ ಸೊಟ್ಟ ಇದೆ. ಬಣ್ಣ ಸರಿಯಾಗಿ ಕೂತಿಲ್ಲ. ಕೆಳಗಡೆ ಸೋರ್ತಾನೂ ಇದೆ!"

ಆಮೇಲೆ ಏನಾಯಿತು ಅಂತ ಕೇಳಬೇಡಿ. ಮನೆಯಾಕೆ ಬಾಗಿಲು ಹಾಕಿಕೊಂಡ ರಭಸಕ್ಕೆ ತೋರಣ ಕಿತ್ತು ಬಿತ್ತು. ಸಾಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬೀದಿ ಉದ್ದಕ್ಕೂ ತಲೆ ಎತ್ತದೆ ನಡೆದಳು.

"ಮನೆಗೆ ಐಬು ಹೇಳೋ ಅಂದ್ರೆ ಮನುಷ್ಯರಿಗೆ ಹೇಳ್ತೀಯಲ್ಲೋ!" ದಾದಾಪೀರ್ ಹಣೆ ಚಚ್ಚಿಕೊಂಡ. "ಜನರ ಹತ್ತಿರ ಕರುಳಿಟ್ಟು ಮಾತಾಡಬೇಕು. ನಾಳೆ ನೋಡೋ ಮನೇಲಿ ಯಜಮಾನರು ತೀರಿಕೊಂಡಿದಾರೆ. ಗೋಡೆ ಮೇಲೆ ಹಾರ ಹಾಕಿದ ಫೋಟೋ ಇರುತ್ತೆ. ಅದನ್ನ ಕಂಡ ತಕ್ಷಣ ಕೈ ಮುಗಿದು, ದೇವರಂಥ ಮನುಷ್ಯ, ಹಿಂಗಾಗಬಾರದಾಗಿತ್ತು ಅನ್ನು. ತಿಳೀತಾ?"

"ನಾಚಿಕೆ ಆಯ್ತಣ್ಣ. ಇನ್ನು ಹಂಗೇ ಮಾಡ್ತೀನಿ."

ಬೆಳಗಾಗೋದರೊಳಗೆ ಆ ಹಾರದ ಫೋಟೋ ಮನೆಯವರು ಮಾರೋದೇ ಬೇಡ ಅಂತ ಹೇಳಿಕಳಿಸಿದರು. ದಾದಾಪೀರ್ ಇವರನ್ನ ಬೇರೆ ಕಡೆ ಕರಕೊಂಡು ಹೋದ. ಅದು ರಿಟೈರ್ ಆದ ಸಣ್ಣಹನುಮಯ್ಯ ಮೇಷ್ಟ್ರ ಮನೆ. ಮೇಷ್ಟ್ರೇ ಬಾಗಿಲು ತೆಗೆದು, "ಬನ್ನಿ ಬನ್ನಿ" ಅಂದರು. ಹಜಾರದ ಗೋಡೆ ಮೇಲೆ ಅವರದೇ ಫೋಟೋ. ಸ್ಕೂಲಿನವರು ಸನ್ಮಾನ ಮಾಡಿದಾಗ ತೆಗೆದದ್ದು. ತಲೇಲಿ ಪೇಟ, ಹೆಗಲ ಮೇಲೆ ಶಾಲು. ಸನ್ಮಾನದ ಗಂಧದ ಹಾರಾನ ಫೋಟೋಗೇ ಹಾಕಿದ್ದರು.

ಬೋರಲಿಂಗ ಕಂಡ. ಕೈ ಮುಗಿದ. ಕಣ್ಣಲ್ಲಿ ನೀರೂ ಬಂತು!

"ಅಯ್ಯೋ ದೇವರಂಥ ಮನುಷ್ಯ! ಹಿಂಗಾಗಬಾರದಾಗಿತ್ತು!"

ಅಡುಗೆಮನೇಲಿ ಮೇಷ್ಟ್ರ ಹೆಂಡತಿ ಪಾತ್ರೆ ಬೀಳಿಸಿದಳು. ಮೇಷ್ಟ್ರು, "ಏನಯ್ಯಾ ಇದು, ನಾನು ಇಲ್ಲೇ ನಿಂತಿದೀನಿ!" ಅಂದರು. ಬೋರಲಿಂಗ ಅವರ ಬೆನ್ನು ಸವರಿ, "ನೀವು ಧೈರ್ಯ ತಂದ್ಕೊಳ್ಳಿ ಯಜಮಾನರೇ" ಅಂದ!

ಬೀದಿಗೆ ಬಂದರೋ ಇಲ್ಲವೋ ಸಾಕಮ್ಮನೇ ಬೈದಳು. "ನಿನ್ನ ಬಾಯಿಗೆ ಬೆಂಕಿ ಹಾಕ! ಇನ್ನು ಮೇಲೆ ಬಾಯಿ ಬಿಟ್ಟರೆ ನನ್ನಾಣೆ. ಯಾರೇನೇ ಅನ್ನಲಿ, ತುಟಿ ಬಿಚ್ಚಬೇಡ!"

ಬೋರಲಿಂಗ ಆಣೆಗೆ ಹೆದರಿ ಇನ್ನು ಹಂಗೇ ಮಾಡ್ತೀನಿ ಅಂತಲೂ ಅನ್ನಲಿಲ್ಲ. ತುಟಿ ಕಚ್ಚಿಕೊಂಡು ತಲೆ ಆಡಿಸಿದ.

ನಾಲ್ಕನೇ ಮನೆ ಎಲ್ಲರಿಗೂ ಹಿಡಿಸಿತು. ಸಾಕಮ್ಮ ಮತ್ತೆ ದಾದಾಪೀರ್ ತಾರಸಿ ನೋಡೋಕೆ ಹತ್ತಿದರು. ಕೆಳಗೆ ಯಜಮಾನ ಬಟ್ಟೆ ಅಂಗಡಿಗೆ ಹೊರಟು ನಿಂತಿದ್ದ. ಬೀಗದ ಕೈ ಬೋರಲಿಂಗನ ಕೈಗಿಟ್ಟ. "ನಿಮ್ಮೋರಿಗೆ ಹೇಳಪ್ಪ, ನೋಡಿ ಆದ ಮೇಲೆ ಬೀಗ ಹಾಕಿ ಅಂಗಡಿಗೆ ತಂದುಕೊಡಲಿ" ಅಂದು ಹೋದ. ಬೋರಲಿಂಗ ಹೆಂಗೆ ಹೇಳಿಯಾನು? ತಾಯಿ ಆಣೆ ಇದೆ! ಬೀಗದ ಕೈನ ಜೇಬಿಗೆ ಹಾಕಿಕೊಂಡ. ಇಳಿದು ಬಂದ ದಾದಾಪೀರ್, ಯಜಮಾನ ಇಲ್ಲೇ ಹಿತ್ತಲಲ್ಲಿ ಇರಬೇಕು ಅಂದುಕೊಂಡು ಬಾಗಿಲು ಎಳೆದುಕೊಂಡು ಬಂದ.

ಸಂಜೆ ಆ ಯಜಮಾನ ಹೆಂಡತಿ ಮಕ್ಕಳು ಸಮೇತ ಇವರಿನ್ನೂ ಇದ್ದ ಕನಕರತ್ನಮ್ಮನ ವಠಾರಕ್ಕೆ ಬಂದ. "ಬೀಗದ ಕೈ ಎಲ್ಲಿ? ಇಡೀ ಹೊತ್ತು ಮನೆ ಬೀಗ ಇಲ್ಲದೆ ಬಿದ್ದಿತ್ತು! ಏನೇನು ಎತ್ತಿಕೊಂಡು ಬಂದಿದೀರ?" ಅಂತ ಕೂಗಾಡಿದ. ವಠಾರಕ್ಕೆ ವಠಾರವೇ ಸೇರಿತು. ಬೋರಲಿಂಗ ತುಟಿ ಬಿಚ್ಚಲಿಲ್ಲ. ಯಾರೋ ಕಳ್ಳ ಅಂದರು. ಆಗಲೂ ಬಿಚ್ಚಲಿಲ್ಲ. ಕಣ್ಣಲ್ಲಿ ದಳದಳ ನೀರು ಇಳಿಯುತ್ತಿತ್ತು, ಜೇಬು ಮುಟ್ಟಿ ಮುಟ್ಟಿ ತೋರಿಸುತ್ತಿದ್ದ. ಕೊನೆಗೆ ಸಾಕಮ್ಮನೇ ಜೇಬಿಗೆ ಕೈಹಾಕಿ ಬೀಗದ ಕೈ ತೆಗೆದುಕೊಟ್ಟಳು. ಕನಕರತ್ನಮ್ಮ ಮಹಡಿ ಮೇಲಿಂದ ಎಲ್ಲ ನೋಡುತ್ತಿದ್ದಳು. ಆ ಮನೆಯೂ ತಪ್ಪಿತು.

ಆವತ್ತು ಸಾಕಮ್ಮ ಬೈಯಲಿಲ್ಲ. ಅಳುತ್ತಾ ಹೇಳಿದಳು, "ನನ್ನಾಣೆ ವಾಪಸ್ ತಗೊಂಡಿದೀನಿ ಕಣಪ್ಪ, ಬೇಕಾದಷ್ಟು ಮಾತಾಡು. ಆದರೆ ಇದೊಂದು ಮಾತ್ರ ಸಾಯೋ ತನಕ ನೆನಪಿಟ್ಕೋ. ಕಂಡೋರ ಮನೆ ಬೀಗದ ಕೈ ನಮ್ಮ ಹತ್ತಿರ ಇರಬಾರದು. ಎಲ್ಲರೂ ಆಚೆ ಬಂದ ಮೇಲೆ ಬಾಗಿಲು ಹಾಕಿ, ಬೀಗ ಹಾಕಿ, ಎರಡೂ ಕೈಯಲ್ಲಿ ಓನರ್‌ಗೆ ಕೊಡಬೇಕು. ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ ಅಂತ ಹೇಳಬೇಕು."

"ನಾಚಿಕೆ ಆಯ್ತಮ್ಮ. ಇನ್ನು ಹಂಗೇ ಮಾಡ್ತೀನಿ."

ಆಮೇಲೆ ಸಿಕ್ಕಿದ್ದು ಗಂಗಜ್ಜಿ ಮನೆ. ಎರಡು ಕೋಣೆ, ಮೇಲೆ ತಾರಸಿ, ಬೆಳಗಿಂದ ಸಂಜೆವರೆಗೂ ಬಿಸಿಲು. ಹಪ್ಪಳಕ್ಕೆ ಅಂತಲೇ ಕಟ್ಟಿದ ಹಾಗಿತ್ತು! ಅಜ್ಜಿ ಭದ್ರಾವತಿಯ ಮಗಳ ಮನೆಗೆ ಹೊರಟಿದ್ದಳು. ಬಾಡಿಗೆಗೆ ಬಿಡೋರಿಗೆ ಕೊಡಲ್ಲ, ಇದರಲ್ಲೇ ಬಾಳೋರಿಗೆ ಕೊಡ್ತೀನಿ ಅನ್ನೋಳು. ಸಾಕಮ್ಮ ಈ ಸಲ ಮಗನನ್ನ ಒಳಗೆ ಕರಕೊಂಡು ಹೋಗಲಿಲ್ಲ. ಗೇಟಿನ ಹತ್ತಿರ ಬಿಸಿಲಲ್ಲೇ ನಿಲ್ಲಿಸಿದಳು.

"ಆಚೆ ನಿಂತಿರೋನು ಯಾರಮ್ಮ?" ಅಂತ ಅಜ್ಜಿ ಕೇಳಿದಳು.

"ಅವನಾ... ನಮ್ಮ ಮೂಟೆ ಹೊರೋನು" ಅಂದುಬಿಟ್ಟಳು ಸಾಕಮ್ಮ!

ಅಂದಳು, ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಹೆತ್ತ ಮಗನನ್ನ ಹಾಗಂದೆನಲ್ಲ ಅಂತ ಮೈಯೆಲ್ಲ ಹಿಡಿಯಾಯಿತು. ದಾದಾಪೀರ್ ಕೇಳಿಸಿಕೊಂಡರೂ ಕೇಳಿಸದೋನ ಹಾಗೆ ಗೋಡೆ ತಟ್ಟುತ್ತಾ ನಿಂತ. ಬೋರಲಿಂಗ ಗೇಟಿನಿಂದಲೇ ಅಮ್ಮನ ಕಡೆ ನೋಡಿ ನಕ್ಕ. ನಾನು ಏನೂ ತಪ್ಪು ಮಾಡಿಲ್ಲ ಅಲ್ವಾ ಅನ್ನೋ ಹಾಗೆ.

ಮಾತುಕತೆ ಕುದುರಿತು. ದಾದಾಪೀರ್ ಕಾಗದಪತ್ರ ಎಲ್ಲ ನೋಡಿ, ಮುಂದೆ ನಿಂತು ರಿಜಿಸ್ಟರ್ ಮಾಡಿಸಿದ. ಗೃಹಪ್ರವೇಶದ ದಿನ ಬಂತು. ಸಾಕಮ್ಮ ಬೇರೆ ಯಾರನ್ನ ಕರೆದಳೋ ಬಿಟ್ಟಳೋ, ಕನಕರತ್ನಮ್ಮನನ್ನ ಮಾತ್ರ ಎರಡೆರಡು ಸಲ ಹೋಗಿ ಕುಂಕುಮ ಕೊಟ್ಟು ಕರೆದಳು. ತನ್ನ ಬಾಗಿಲಿಗೆ ಆಕೆ ಬರಬೇಕು, ಬಂದು ನೋಡಬೇಕು. ಅಷ್ಟೇ ಆಸೆ.

ಕನಕರತ್ನಮ್ಮ ರೇಷ್ಮೆ ಸೀರೆ ಉಟ್ಟು ಬಂದಳು. ಗಂಗಜ್ಜಿ ಬೀಗದ ಕೈನ ಅರಿಶಿನ ಕುಂಕುಮದ ತಟ್ಟೇಲಿಟ್ಟು ಸಾಕಮ್ಮನಿಗೆ ಕೊಟ್ಟಳು. ಸಾಕಮ್ಮ ಕಣ್ಣಿಗೊತ್ತಿಕೊಂಡು, "ಇದನ್ನ ಹಿಡ್ಕೋ ಕಣಪ್ಪ, ಜೋಪಾನ" ಅಂತ ಮಗನಿಗೆ ಕೊಟ್ಟಳು. ಅವನನ್ನ ಎಲ್ಲರೆದುರಿಗೆ ಮುಂದೆ ಕರೆದು ಕೊಟ್ಟಳು. ಹೊಸ ಒಲೆ ಮೇಲೆ ಹಾಲಿಟ್ಟರು. ಹಾಲು ಉಕ್ಕಬೇಕಲ್ಲ, ಸಣ್ಣ ಉರಿ. ಅಷ್ಟರಲ್ಲಿ ಅಜ್ಜಿಯನ್ನ ಸ್ಟೇಷನ್ನಿಗೆ ಕರಕೊಂಡು ಹೋಗೋ ಆಟೋ ಬಂತು. ರೈಲಿನ ಹೊತ್ತಾಗಿತ್ತು. "ಬನ್ನಿ ಬನ್ನಿ, ಅಜ್ಜಿಯನ್ನ ಕಳಿಸಿ ಬರೋಣ" ಅಂತ ಎಲ್ಲರೂ ಆಟೋ ಹತ್ತಿರ ಬಂದರು.

ಎಲ್ಲರೂ ಆಚೆ ಬಂದರು!

ಬೋರಲಿಂಗ ನೋಡಿದ. ಅವನಿಗೆ ನೆನಪಾಯಿತು. ಬಾಗಿಲು ಹಾಕಿದ. ಬೀಗ ಹಾಕಿದ. ಎಳೆದೂ ನೋಡಿದ. ಆಮೇಲೆ ಜನರ ಮಧ್ಯೆ ತೂರಿಕೊಂಡು ಹೋಗಿ ಎರಡೂ ಕೈಯಲ್ಲಿ ಅಜ್ಜಿಗೆ ಕೊಟ್ಟ.

"ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ ಅಜ್ಜಿ!"

ಅಜ್ಜಿ ಅಳುತ್ತಿದ್ದಳು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಆಚೆ ಹೋಗುವಾಗ ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿಕೊಂಡೇ ಬಾಳಿದ ಹೆಂಗಸು, ಅಭ್ಯಾಸದ ಮೇಲೆ ಸಿಕ್ಕಿಸಿಕೊಂಡಳು. ಆಟೋ ಹೋಯಿತು. ಎಲ್ಲರೂ ಕೈ ಬೀಸಿದರು. ಬೋರಲಿಂಗ ಎಲ್ಲರಿಗಿಂತ ಜೋರಾಗಿ ಬೀಸಿದ.

ತಿರುಗಿ ಬಂದು ನೋಡಿದರೆ ಬಾಗಿಲಿಗೆ ಬೀಗ!

"ಬೀಗದ ಕೈ ಎಲ್ಲೋ?" ಅಂದಳು ಸಾಕಮ್ಮ.

"ಓನರ್‌ಗೆ ಕೊಟ್ಟೆನಮ್ಮ! ಎರಡೂ ಕೈಯಲ್ಲಿ!" ಎಷ್ಟೋ ದಿನದ ಮೇಲೆ ಅವನ ಮುಖ ಅರಳಿತ್ತು.

ದಾದಾಪೀರ್ ಸ್ಟೇಷನ್ನಿನ ಕಡೆ ಓಡಿದ. ಓಡಿದವನು ಏದುಸಿರು ಬಿಡುತ್ತಾ ಬರಿಗೈಲಿ ಬಂದ. ರೈಲು ಹೋಗಿತ್ತು. ಒಳಗಿಂದ ಹಾಲು ಉಕ್ಕಿ ಸೀಯೋ ವಾಸನೆ ಬರೋಕೆ ಶುರುವಾಯಿತು. ಮೊದಲು ಯಾರೋ ಒಬ್ಬರು ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಕನಕರತ್ನಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. ಸಾಕಮ್ಮ ತನ್ನ ಹೊಸ ಮನೆ ಹೊಸಿಲ ಮೇಲೆ ಕುಸಿದು ಕೂತಳು. ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ.

"ಆಗಿದ್ದಾಯ್ತು, ಒಡಿಯೋ ಬೀಗಾನ!" ದಾದಾಪೀರ್ ಒಂದು ಕಲ್ಲು ತಂದು ಬೋರಲಿಂಗನ ಕೈಗಿಟ್ಟ.

ಬೋರಲಿಂಗ ಹೆದರಿ ಹಿಂದಕ್ಕೆ ಸರಿದ. "ಬೇಡಣ್ಣ, ಬೇಡ! ಓನರ್ ಬೈತಾರೆ! ಒಂದು ಮೊಳೆ ಹೊಡೆದರೇ ಬೈತಾರೆ!"

ಜನ ಇನ್ನೂ ಜೋರಾಗಿ ನಕ್ಕರು. "ಯಾರಪ್ಪಾ ಓನರ್ರು?" ಅಂತ ಕನಕರತ್ನಮ್ಮ ರಾಗ ಎಳೆದಳು.

ಸಾಕಮ್ಮ ಎದ್ದು ನಿಂತಳು. ಸೆರಗು ಬಿಗಿದು ಕಟ್ಟಿದಳು.

"ನಾನು! ನಾನು ಕಣೋ ಬೋರ! ಈ ಮನೆ ಓನರ್ ನಾನೇ!"

ಆ ಮಾತು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ಬೋರಲಿಂಗ ಕಲ್ಲು ಕೆಳಗಿಟ್ಟ. ಎತ್ತಿ ಕಟ್ಟಿದ್ದ ಪಂಚೆ ಇಳಿಬಿಟ್ಟ. ಚಪ್ಪಲಿ ಕಳಚಿದ. ಹೆಗಲಿನ ಟವೆಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಕೈ ಮುಗಿದ. ಓನರುಗಳ ಮುಂದೆ ಹಾಗೇ ನಿಲ್ಲಬೇಕು ಅಂತ ಅವನಿಗೆ ಸಾಕಮ್ಮನೇ ಕಲಿಸಿದ್ದಳು.

"ಹಂಗಾದ್ರೆ," ಅಂದ ಮೆಲ್ಲಗೆ, "ನಾನು ಯಾವಾಗ ಖಾಲಿ ಮಾಡ್ಬೇಕಮ್ಮ?"

ಆಮೇಲೆ ಯಾರೂ ನಗಲಿಲ್ಲ. ಕನಕರತ್ನಮ್ಮ ನೆಲ ನೋಡಿದಳು. ಸಾಕಮ್ಮ ಮಗನ ಮುಗಿದ ಕೈ ಬಿಡಿಸಿ ಆ ಕಲ್ಲನ್ನ ತಾನೇ ಎತ್ತಿಕೊಂಡಳು. ಒಳಗೆ ಹಾಲು ತನ್ನ ಪಾಡಿಗೆ ತಾನು ಉಕ್ಕುತ್ತಿತ್ತು.