ಮೂವತ್ತೆರಡು ಮಕ್ಕಳ ಒಂದು ಮಾತು

“ಅಜ್ಜಾರ, ನಮ್ಮ ಮುತ್ಯಾನ ಕಾಲಕ್ಕ ಸಾಲ್ಯಾಗ ಬೆತ್ತ ಇತ್ತು. ನಮ್ಮಪ್ಪನ ಕಾಲಕ್ಕ ಬೆಂಚಿನ ಮ್ಯಾಲ ನಿಲ್ಲಸತಿದ್ರು. ಈಗ ಎರಡೂ ಇಲ್ಲ. ಸೋಮವಾರದಿಂದ ನಾ ಮಠದ ಸಾಲಿಗೆ ಮಾಸ್ತರ ಆಗಿ ಹೊಂಟೀನಿ. ಯಾವ ನೇಮ ಹಿಡಕೊಂಡು ಹೋಗ್ಲಿ?” ಎಂದು ಶಿಷ್ಯ ಕೇಳಿದ.

ಅಜ್ಜಾರು ಮಠದ ಹಿರಿಯ ಸ್ವಾಮಿ. ಮಾತು ಕಡಿಮೆ. ಶಿಷ್ಯ ಹನ್ನೊಂದು ವರ್ಷದಿಂದ ಅವರ ಬಳಿ ಇದ್ದ. ಅವರು ಏನು ಹೇಳಿದರೂ, ಮಾತು ಮುಗಿಯುವುದರೊಳಗೆ “ತಿಳೀತ್ರಿ ಅಜ್ಜಾರ” ಎನ್ನುವುದು ಅವನ ರೂಢಿ.

“ಕೂಡು” ಎಂದರು ಅಜ್ಜಾರು. ಕತೆ ಹೇಳಿದರು.

ಒಂದು ಊರಲ್ಲಿ ಒಂದು ಶಾಲೆ. ಅಲ್ಲಿಗೆ ಮೊದಲು ಬಂದ ಮಾಸ್ತರನ ಕೈಯಲ್ಲಿ ಬೆತ್ತ ಇರುತ್ತಿತ್ತು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಪಾಠ ಮುಗಿಸಿ ಅವನು “ತಿಳೀತೇನ್ರೋ?” ಎಂದು ಕೇಳುತ್ತಿದ್ದ. ಒಂದು ದಿನ ಒಬ್ಬ ಹುಡುಗ “ತಿಳೀಲಿಲ್ರಿ” ಎಂದ. ಮಾಸ್ತರ ಅವನ ಎರಡೂ ಕೈ ಕಟ್ಟಿ ತೊಲೆಗೆ ತೂಗಹಾಕಿದ. ಅದಕ್ಕೆ ಕೋದಂಡ ಎನ್ನುತ್ತಿದ್ದರು. ಹುಡುಗನ ತಂದೆ ಬಂದು ನೋಡಿದ. ಮಾಸ್ತರನಿಗೆ ಕೈಮುಗಿದು ಹೊಲಕ್ಕೆ ಹೋದ. ಆಮೇಲೆ ಆ ಶಾಲೆಯಲ್ಲಿ “ತಿಳೀಲಿಲ್ಲ” ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ.

ಆ ಮಕ್ಕಳಲ್ಲೇ ಒಬ್ಬ ಬೆಳೆದು ಎರಡನೆಯ ಮಾಸ್ತರನಾದ. ಬಂದ ದಿನವೇ ಬೆತ್ತ ಮುರಿದು ಒಲೆಗೆ ಹಾಕಿದ. ಮರಳು ಹೋಗಿ ಪಾಟಿ ಬಂತು, ಬಳಪ ಬಂತು. ಮಕ್ಕಳ ಮೇಲೆ ಕೈ ಎತ್ತುವುದಿಲ್ಲ ಎಂದು ನೇಮ ಮಾಡಿದ. ತಿಳಿಯಲಿಲ್ಲ ಎಂದವರನ್ನು ಬೆಂಚಿನ ಮೇಲೆ ನಿಲ್ಲಿಸಿದ. ಉಳಿದವರಿಗೆ ಚಪ್ಪಾಳೆ ತಟ್ಟಲು ಹೇಳಿದ. ಯಾರ ಮೈಮೇಲೂ ಬಾಸುಂಡೆ ಏಳಲಿಲ್ಲ. “ತಿಳೀತ್ರೀ ಸರ” ಎಂಬ ಕೂಗು ಮಾತ್ರ ಮೊದಲಿಗಿಂತ ಜೋರಾಯಿತು.

ಬೆಂಚಿನ ಮೇಲೆ ನಿಂತವರಲ್ಲಿ ಒಬ್ಬ ಮೂರನೆಯ ಮಾಸ್ತರನಾದ. ಈ ಕತೆ ಅವನದು.

ಅವನು ಆ ಚಪ್ಪಾಳೆ ಮರೆತಿರಲಿಲ್ಲ. ಮದುವೆ ಮನೆಯಲ್ಲಿ ಜನ ಚಪ್ಪಾಳೆ ತಟ್ಟಿದರೂ ಅವನು ಎದ್ದು ಹೊರಗೆ ಹೋಗುತ್ತಿದ್ದ. ತನ್ನ ಮಕ್ಕಳಿಗೆ ಅದು ಬೇಡ ಎಂದುಕೊಂಡ. ‘ತಿಳಿಯದಿದ್ದರೆ ಹತ್ತು ಸಲ ಕೇಳಿರಿ’ ಎಂದು ಗೋಡೆಯ ಮೇಲೆ ತಾನೇ ಬರೆದ. ಯಾರನ್ನೂ ಬೈಯಲಿಲ್ಲ, ನಿಲ್ಲಿಸಲಿಲ್ಲ. ಪಾಠ ಮುಗಿದ ಮೇಲೆ ಬಲಗೈಯನ್ನು ಅಂಗೈ ಮೇಲಾಗಿ ಎತ್ತಿ “ತಿಳೀತೇನ್ರೋ?” ಎನ್ನುತ್ತಿದ್ದ. ಅಂಗೈ ಎದ್ದ ಕೂಡಲೇ ಮೂವತ್ತೆರಡು ಮಕ್ಕಳು ಒಂದೇ ಕೊರಳಾಗಿ “ತಿಳೀತ್ರೀ ಸರ!” ಎನ್ನುತ್ತಿದ್ದರು.

ಒಮ್ಮೆ ಒಬ್ಬ ಹುಡುಗಿ ತಿಳಿಯಲಿಲ್ಲ ಎಂದಳು. ಮಾಸ್ತರನಿಗೆ ಸಂತೋಷವಾಯಿತು. ಗಂಟೆ ಹೊಡೆದ ಮೇಲೂ ಎಲ್ಲರನ್ನೂ ಕೂರಿಸಿಕೊಂಡು ಮತ್ತೆ ಮೊದಲಿನಿಂದ ಹೇಳಿದ. ಮಕ್ಕಳಿಗೆ ಹಸಿವೆ. ಪಕ್ಕದಲ್ಲಿ ಕೂತವರು ಅವಳ ತೊಡೆ ಚಿವುಟಿದರು. “ಇನ್ನೊಮ್ಮೆ ಅನ್ನು, ನೋಡತೀವಿ” ಎಂದರು. ಅವಳು ಇನ್ನೊಮ್ಮೆ ಅನ್ನಲಿಲ್ಲ. ಮಾಸ್ತರನಿಗೆ ಇದು ಆಗ ಗೊತ್ತಾಗಲಿಲ್ಲ. ಆ ಹುಡುಗಿಯ ಹೆಸರು ಕಾಶವ್ವ.

ಒಂದು ಮಧ್ಯಾಹ್ನ ಮಣ್ಣಿನ ಪಾಠ. ಊರ ಕಡೆ ಕರಿ ಮಣ್ಣು, ಹಳ್ಳದ ಆಚೆ ಕೆಂಪು ಮಣ್ಣು. ಪುಸ್ತಕದಲ್ಲಿ ಓದಿದರೆ ಆಗದು, ಕೈಯಲ್ಲಿ ಹಿಡಿದು ನೋಡಬೇಕು ಎಂದು ಮಾಸ್ತರ ಮಕ್ಕಳನ್ನು ಹಳ್ಳ ದಾಟಿಸಿ ಕರೆದೊಯ್ದ. ಹಳ್ಳದಲ್ಲಿ ಹಿಮ್ಮಡಿ ಮುಳುಗುವಷ್ಟೂ ನೀರಿರಲಿಲ್ಲ. ಮಕ್ಕಳು ಒಂದೊಂದು ಹಿಡಿ ಕೆಂಪು ಮಣ್ಣು ತೆಗೆದುಕೊಂಡರು.

ಅಷ್ಟರಲ್ಲಿ ಮೇಲಿನ ಸೀಮೆಯ ಕಡೆ ಮುಗಿಲು ಕಪ್ಪಾಯಿತು. ಇಲ್ಲಿ ಬಿಸಿಲು, ಅಲ್ಲಿ ಮಳೆ. ಹಳ್ಳಕ್ಕೆ ನೀರು ಬರುತ್ತದೆ ಎಂದು ಮಾಸ್ತರನಿಗೆ ಹೊಳೆಯಿತು. “ಓಡ್ರಿ, ಓಡ್ರಿ, ಹಳ್ಳ ದಾಟ್ರಿ” ಎಂದ. ಮಕ್ಕಳು ಓಡಿದರು. ಈಚೆ ದಡ ಹತ್ತಿ ಅವನು ತಿರುಗಿ ನಿಂತ. ಅಂಗೈ ಎತ್ತಿದ.

“ಎಲ್ಲಾರೂ ಬಂದ್ರೇನ್ರೋ?”

“ಬಂದೇವ್ರೀ ಸರ!”

ಅವನು ಮುಂದೆ ನಡೆದ. ಒಂದು ಹೊಲ ದಾಟುವುದರೊಳಗೆ ಹಿಂದಿನಿಂದ ಸದ್ದು ಬಂತು, ನೂರು ಚಕ್ಕಡಿ ಒಟ್ಟಿಗೆ ಉರುಳಿದ ಹಾಗೆ. ಹಳ್ಳ ಬಂದಿತ್ತು. ಸದ್ಯ ಎಲ್ಲರೂ ಈಚೆ ಬಂದೆವಲ್ಲ ಎಂದು ಉಸಿರು ಬಿಟ್ಟ. ಆದರೂ ಎಣಿಸಿದ. ಮೂವತ್ತೊಂದು. ಮತ್ತೆ ಎಣಿಸಿದ. ಮೂವತ್ತೊಂದು.

“ಯಾರು ಬಂದಿಲ್ಲ?”

ಈ ಪ್ರಶ್ನೆಗೆ ಒಟ್ಟಿಗೆ ಕೂಗುವ ಉತ್ತರ ಇರಲಿಲ್ಲ.

“ಯಾರು ಬಂದಿಲ್ಲ ಹೇಳ್ರೋ!”

ಒಬ್ಬ ಹುಡುಗಿ ಸಣ್ಣ ದನಿಯಲ್ಲಿ ಹೇಳಿದಳು. “ಕಾಶಿ ಬಂದಿಲ್ರಿ. ಮಣ್ಣು ಚೆಲ್ಲಿತಂತ ತಿರುಗಿ ಹೋದ್ಳು.”

“ಮತ್ತ ಎಲ್ಲಾರೂ ಬಂದೇವಿ ಅಂದ್ರಿ?”

“ನೀವು ಕೇಳಿದ್ರಿ. ಅಂದ್ವಿ.”

ಮಾಸ್ತರ ಓಡಿದ. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ. ಆಚೆ ದಡದಲ್ಲಿ ಕಾಶವ್ವ ನಿಂತಿದ್ದಳು. ಎರಡೂ ಮುಷ್ಟಿ ಬಿಗಿ ಹಿಡಿದಿದ್ದಳು. ನಡುವೆ ಕೆಂಪು ನೀರು. ಅದರಲ್ಲಿ ಬೇರು ಸಮೇತ ಒಂದು ಜಾಲಿ ಗಿಡ ಹರಿದು ಹೋಯಿತು.

ಅವನು ಎದೆ ಬಿರಿಯುವಂತೆ ಕೂಗಿದ.

“ಇಳೀಬ್ಯಾಡ! ಅಲ್ಲೇ ನಿಂದ್ರು! ನೀರು ಇಳಿಯೂತನಾ ಅಲ್ಲೇ ನಿಂದ್ರು! ತಿಳೀತೇನು?”

ನೀರಿನ ಸದ್ದಿನಲ್ಲಿ ಅವನ ಮಾತು ಅವನ ಕಿವಿಗೇ ಬೀಳಲಿಲ್ಲ. ಆದರೆ ಕೊನೆಯ ಮಾತಿಗೆ ಅವನ ಬಲಗೈ ತಾನಾಗಿ ಎದ್ದಿತು, ಅಂಗೈ ಮೇಲಾಗಿ.

ಕಾಶವ್ವ ಅಂಗೈಯನ್ನಷ್ಟೇ ನೋಡಿದಳು. ತಲೆ ಆಡಿಸಿದಳು. ಬಾಯಿ ತೆರೆದು ಏನೋ ಕೂಗಿದಳು. ಅದೂ ಕೇಳಿಸಲಿಲ್ಲ. ಏನೆಂದಳು ಎಂಬುದು ಅವನಿಗೆ ಗೊತ್ತಿತ್ತು. ಪ್ರತಿದಿನ ನೋಡಿದ ಬಾಯಿ ಅದು.

ತಿಳೀತ್ರೀ ಸರ.

ಅವಳು ನೀರಿಗೆ ಕಾಲಿಟ್ಟಳು.

ಮಾಸ್ತರ ಹಾರಿದ. ಅವನಿಗೆ ಈಜು ಬರುತ್ತಿತ್ತು. ಹಳ್ಳಕ್ಕೆ ಅದು ಲೆಕ್ಕವಿರಲಿಲ್ಲ. ಎರಡು ಸಲ ಅವಳ ಜಡೆ ಕೈಗೆ ಸಿಕ್ಕಿ ತಪ್ಪಿತು. ಮೂರನೆಯ ಸಲ ಸಿಕ್ಕಿದ್ದನ್ನು ಬಿಡಲಿಲ್ಲ. ಎರಡು ಕೂಗಳತೆ ಕೆಳಗೆ, ಹಳ್ಳ ತಿರುಗುವಲ್ಲಿ, ಒಬ್ಬ ಕುರುಬ ಕಂಬಳಿಯ ತುದಿ ಎಸೆದು ಇಬ್ಬರನ್ನೂ ಎಳೆದುಕೊಂಡ. ಮಗುವನ್ನು ಬೋರಲು ಹಾಕಿ ಬೆನ್ನು ಒತ್ತಿದರು. ನೀರು ಕಕ್ಕಿತು. ಉಸಿರು ಬಂತು. ಒಂದು ಮುಷ್ಟಿ ಇನ್ನೂ ಮುಚ್ಚಿತ್ತು. ಬಿಡಿಸಿದರು. ಕೆಂಪು ಮಣ್ಣು ಹಾಗೇ ಇತ್ತು.

ಐದನೆಯ ದಿನ ಕಾಶವ್ವ ಶಾಲೆಗೆ ಬಂದಳು. ಹಣೆಗೆ ಬಟ್ಟೆ ಕಟ್ಟಿತ್ತು. ತನ್ನ ಜಾಗದಲ್ಲಿ ಕೂತಳು. ಚಿವುಟಿದ ಸಂಗತಿಯೂ ಈ ನಡುವೆ ಮಾಸ್ತರನ ಕಿವಿಗೆ ಬಿದ್ದಿತ್ತು. ಅವನು ಆ ದಿನ ಪುಸ್ತಕ ತೆರೆಯಲಿಲ್ಲ.

“ಅವತ್ತು ತಪ್ಪು ನಂದು” ಎಂದ. “ನಿಮ್ಮನ್ನ ಯಾರೂ ಹೊಡಿಯೂದಿಲ್ಲ. ಯಾರೂ ನಗೂದಿಲ್ಲ. ಯಾರೂ ಚಿವುಟೂದಿಲ್ಲ, ನಾ ನೋಡ್ಕೋತೀನಿ. ಇನ್ನ ಮ್ಯಾಲ ನಾ ಕೇಳಿದೆ ಅಂತ ಹೂಂ ಅನಬ್ಯಾಡ್ರಿ. ತಿಳೀದಿದ್ರ ತಿಳೀಲಿಲ್ಲ ಅನ್ರಿ. ಕೇಳಸದಿದ್ರ ಕೇಳಸಲಿಲ್ಲ ಅನ್ರಿ.”

ಮಕ್ಕಳು ಕಣ್ಣು ಪಿಳುಕಿಸದೆ ಅವನನ್ನೇ ನೋಡುತ್ತಿದ್ದರು. ಅವನಿಗೆ ಸಮಾಧಾನವಾಯಿತು.

“ತಿಳೀತೇನ್ರೋ?”

“ತಿಳೀತ್ರೀ ಸರ!”

ಮೂವತ್ತೆರಡು ಮಕ್ಕಳು, ಒಂದೇ ಕೊರಳು. ಅವನು ಅದರಲ್ಲಿ ಕಾಶವ್ವನ ದನಿ ಹುಡುಕಿದ. ಅದೂ ಇತ್ತು. ಆಗ ತನ್ನ ಕೈ ನೋಡಿಕೊಂಡ. ಅದು ಯಾವಾಗಲೋ ಮೇಲೆದ್ದಿತ್ತು.

ಅಜ್ಜಾರು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಮುಂದಿನ ಮಾತಿಗೆ ಕಾದ. ಯಾವ ನೇಮ ಎಂಬುದನ್ನು ಅವರು ಇನ್ನೂ ಹೇಳಿರಲಿಲ್ಲ. ಅಜ್ಜಾರು ಅವನನ್ನೇ ನೋಡುತ್ತ ಬಲಗೈಯನ್ನು ಅಂಗೈ ಮೇಲಾಗಿ ಎತ್ತಿದರು.

“ತಿಳೀತೇನೋ?”

ಶಿಷ್ಯ ಬಾಯಿ ತೆರೆದ. “ತಿಳೀ...” ಎಂದು ಅರ್ಧಕ್ಕೇ ತಡೆದ.