ಸೊನ್ನೆಗೆ ಜಾಗವಿಲ್ಲದ ಹಾಳೆ

"ಮೇಷ್ಟ್ರೇ, ಈ ಮೂರು ಸೊನ್ನೆಗಳನ್ನು ಎಲ್ಲಿ ಇಡಲಿ?" ಎಂದು ಜಬೀನಾ ಕೇಳಿದಳು.

ಮರಿಸಿದ್ದಯ್ಯ ಮೇಷ್ಟ್ರು ಮೂವತ್ತೊಂದು ವರ್ಷದಿಂದ ಅದೇ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದರು. ಆ ಮಧ್ಯಾಹ್ನ ನಲವತ್ತು ಪ್ರಯೋಗ ಪುಸ್ತಕ ತಿದ್ದಿ ಕೂತಿದ್ದರು. ಕಣ್ಣು ಉರಿಯುತ್ತಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮತ್ತೆ ಹಾಕಿಕೊಂಡು, ಅವಳು ಚಾಚಿದ ಹಾಳೆ ನೋಡಿದರು.

ಜಬೀನಾ ಎಂ.ಎಸ್ಸಿ. ಕೊನೆಯ ವರ್ಷದವಳು. ಅಂಗನವಾಡಿಗಳಲ್ಲಿ ಮಕ್ಕಳಿಗೆ ಕುಡಿಯುವ ನೀರು ತುಂಬಿಡುವ ಕ್ಯಾನುಗಳಿರುತ್ತವಲ್ಲ, ಅವುಗಳಲ್ಲಿ ಹಾಕಿದ ಕ್ಲೋರಿನ್ ಎಷ್ಟು ಹೊತ್ತು ಉಳಿಯುತ್ತದೆ ಎಂದು ಅಳೆಯುವುದು ಅವಳ ಕೆಲಸ. ಹದಿನೇಳು ಕ್ಯಾನು ಅಳೆದಿದ್ದಳು. ಲಾಗ್ ಹಾಳೆಯ, ಅಂದರೆ ಲಾಗರಿದಮ್ ಅಳತೆಯ ಗ್ರಾಫ್ ಹಾಳೆಯ ಮೇಲೆ ಹದಿನಾಲ್ಕು ಚುಕ್ಕೆ ನೇರವಾಗಿ ಸಾಲು ನಿಂತಿದ್ದವು. ಉಳಿದ ಮೂರು ಕ್ಯಾನಿನಲ್ಲಿ ಕ್ಲೋರಿನ್ ಇರಲೇ ಇಲ್ಲ.

"ಸೊನ್ನೆಗೆ ಲಾಗ್ ಇಲ್ಲವಲ್ಲ ಮೇಷ್ಟ್ರೇ. ಈ ಹಾಳೆಯಲ್ಲಿ ಅದಕ್ಕೆ ಜಾಗವೇ ಇಲ್ಲ. ಬಿಟ್ಟುಬಿಡಲಾ? ಸೋಮವಾರ ವರದಿ ಕೊಡಬೇಕು."

"ಆ ಮೂರು ಕ್ಯಾನು ಯಾವ ಅಂಗನವಾಡಿಯವು?"

"ನೋಡಿಲ್ಲ. ಪುಸ್ತಕದಲ್ಲಿ ಇರಬೇಕು."

ಮೇಷ್ಟ್ರು ಕುರ್ಚಿಗೆ ಒರಗಿದರು. "ನನಗೆ ಈಗ ಬಯ್ಯುವುದಕ್ಕೂ ಶಕ್ತಿಯಿಲ್ಲ ತಾಯಿ. ಒಂದು ಕತೆ ಹೇಳುತ್ತೇನೆ, ಕೂತ್ಕೋ" ಎಂದು ಹೇಳತೊಡಗಿದರು.

ಒಬ್ಬ ಕೆಮಿಸ್ಟ್ ಇದ್ದ. ಔಷಧದ ಕಾರ್ಖಾನೆಯಲ್ಲಿ ಕೆಲಸ. ಒಳ್ಳೆಯವನೇ. ಸುಳ್ಳು ಬರೆಯುವವನಲ್ಲ, ಕೆಲಸಗಳ್ಳನೂ ಅಲ್ಲ. ಹೆರಿಗೆಯಾದ ಮೇಲೆ ಕೆಲವು ಹೆಂಗಸರಿಗೆ ರಕ್ತ ನಿಲ್ಲುವುದಿಲ್ಲ, ಆಗ ಒಂದು ಇಂಜೆಕ್ಷನ್ ಕೊಡುತ್ತಾರೆ. ಆ ಔಷಧದ ಶಕ್ತಿ ಎಷ್ಟು ದಿನ ಉಳಿಯುತ್ತದೆ ಎಂದು ಕಂಡುಹಿಡಿಯುವುದು ಅವನ ಪಾಲಿಗೆ ಬಂತು.

ಅವನು ಬಾಟಲಿಗಳನ್ನು ಮೂರು ಪೆಟ್ಟಿಗೆಯಲ್ಲಿ ಇಟ್ಟ. ಒಂದು ಬಿಸಿ, ಒಂದು ಬೆಚ್ಚಗೆ, ಒಂದು ತಂಪು. ವಾರಕ್ಕೊಮ್ಮೆ ಪ್ರತಿ ಪೆಟ್ಟಿಗೆಯಿಂದ ಎರಡು ಬಾಟಲಿ ತೆಗೆದು ಅಳೆದ. ಬಿಸಿಯಲ್ಲಿಟ್ಟದ್ದು ವಾರಕ್ಕೆ ಅರ್ಧ ಇಳಿಯಿತು. ನೂರು, ಐವತ್ತು, ಇಪ್ಪತ್ತೈದು, ಹೀಗೆ. ಇಂಥದ್ದನ್ನು ಮಾಮೂಲಿ ಹಾಳೆಯಲ್ಲಿ ಬರೆದರೆ ಬಾಗಿ ಬಾಗಿ ತಳಕ್ಕೆ ಅಂಟಿಕೊಳ್ಳುತ್ತದೆ, ಕೊನೆಯ ಚುಕ್ಕೆಗಳೆಲ್ಲ ಒಂದರ ಮೇಲೊಂದು ಬಿದ್ದಂತೆ ಕಾಣುತ್ತವೆ. ಲಾಗ್ ಹಾಳೆಯಲ್ಲಿ ಹಾಗಲ್ಲ. ನೂರರಿಂದ ಹತ್ತಕ್ಕೆ ಎಷ್ಟು ಎತ್ತರವೋ ಹತ್ತರಿಂದ ಒಂದಕ್ಕೂ ಅಷ್ಟೇ, ಒಂದರಿಂದ ಹತ್ತನೇ ಒಂದಕ್ಕೂ ಅಷ್ಟೇ. ಡೊಂಕು ಗೆರೆ ನೆಟ್ಟಗಾಗುತ್ತದೆ. ನೆಟ್ಟಗಿನ ಗೆರೆಗೆ ಅಡಿಪಟ್ಟಿ ಇಟ್ಟು ಮುಂದಿನ ವರ್ಷ ಏನಾಗುತ್ತದೆಂದು ಇವತ್ತೇ ಹೇಳಬಹುದು. ಅದು ಆ ಹಾಳೆಯ ಗುಣ, ನಾನು ಬೇಡ ಅನ್ನುವುದಿಲ್ಲ. ಆದರೆ ಆ ಮೆಟ್ಟಿಲನ್ನು ನಿನ್ನ ಮೊಮ್ಮಕ್ಕಳ ಕಾಲದವರೆಗೆ ಇಳಿದರೂ ಸೊನ್ನೆ ಸಿಗುವುದಿಲ್ಲ.

ತಂಪು ಪೆಟ್ಟಿಗೆಯ ಮೂರು ಬಾಟಲಿಗಳಲ್ಲಿ ಅವನಿಗೆ ಸೊನ್ನೆ ಬಂತು. ಪುಸ್ತಕದಲ್ಲಿ ಸೊನ್ನೆ ಎಂದೇ ಬರೆದ. ಮೂರರ ಪಕ್ಕದಲ್ಲೂ ಪೆನ್ಸಿಲಿನಿಂದ ಒಂದೊಂದು ಪ್ರಶ್ನೆ ಚಿಹ್ನೆ ಹಾಕಿದ. ಗ್ರಾಫ್ ಹಾಳೆಗೆ ಬಂದಾಗ ಪೆನ್ಸಿಲ್ ಹಿಡಿದ ಕೈ ಕೆಳಗೆ ಕೆಳಗೆ ಹೋಯಿತು, ಹಾಳೆ ಮುಗಿಯಿತು. ಪೆನ್ಸಿಲ್ ಕೆಳಗಿಟ್ಟು ಕಾಫಿ ಕುಡಿಯಲು ಹೋದ. ಅಷ್ಟೇ ಆದದ್ದು.

ಉಳಿದ ಚುಕ್ಕೆಗಳು ಮೂರು ಗೆರೆಯಾಗಿ ನಿಂತವು. ಬಿಸಿಯದು ಕಡಿದಾಗಿ ಇಳಿಯಿತು, ತಂಪಿನದು ಹೆಚ್ಚುಕಡಿಮೆ ಮಲಗಿತ್ತು. ತಂಪಿನಲ್ಲಿಟ್ಟರೆ ಎರಡು ವರ್ಷವಾದರೂ ಮುಕ್ಕಾಲು ಶಕ್ತಿ ಉಳಿಯುತ್ತದೆ ಎಂದು ಬರೆದುಕೊಟ್ಟ. ಎಲ್ಲರೂ ಭೇಷ್ ಅಂದರು. ಆ ಗೆರೆ ಅಚ್ಚಾಗಿ ಔಷಧದ ಜೊತೆಗೆ ಊರೂರಿಗೆ ಹೋಯಿತು.

ಒಂದು ಊರಿನ ಆರೋಗ್ಯ ಕೇಂದ್ರದಲ್ಲಿ ಒಬ್ಬ ನರ್ಸ್ ಇದ್ದಳು. ಹದಿನೆಂಟು ವರ್ಷದ ಸರ್ವೀಸು. ಅಲ್ಲಿ ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಅದಕ್ಕೆ ಅವಳು ಔಷಧವನ್ನು ಮಂಜುಗಡ್ಡೆಯ ಡಬ್ಬಿಯಲ್ಲಿ ಇಟ್ಟುಕೊಂಡು, ದಿನಕ್ಕೆ ಎರಡು ಸಲ ಕೈಯಾರೆ ಗಡ್ಡೆ ಬದಲಾಯಿಸುತ್ತಿದ್ದಳು. ಹಬ್ಬದ ದಿನವೂ ಬಂದು ಬದಲಾಯಿಸಿ ಹೋಗುತ್ತಿದ್ದಳು. ಒಂದು ದಿನ ಒಬ್ಬಳು ಹುಡುಗಿಗೆ ಹೆರಿಗೆಯಾಗಿ ರಕ್ತ ನಿಲ್ಲಲಿಲ್ಲ. ನರ್ಸ್ ಇಂಜೆಕ್ಷನ್ ಕೊಟ್ಟಳು. ಏನೂ ಆಗಲಿಲ್ಲ. ಅಲ್ಲಿ ಇದ್ದದ್ದು ಅದೊಂದೇ ಬಾಟಲಿ. ಜೀಪಿನಲ್ಲಿ ಪಟ್ಟಣಕ್ಕೆ ಕರೆದುಕೊಂಡು ಹೋಗುವಾಗ ದಾರಿಯಲ್ಲೇ ಹುಡುಗಿ ತೀರಿಕೊಂಡಳು. ಮಗು ಉಳಿಯಿತು.

ವಿಚಾರಣೆ ನಡೆಯಿತು. ಬಾಟಲಿಯ ತಳದಲ್ಲಿ ಉಳಿದಿದ್ದ ಹನಿಗಳನ್ನು ಪರೀಕ್ಷೆ ಮಾಡಿಸಿದರು. ಶಕ್ತಿ ಸೊನ್ನೆ. ಅಧಿಕಾರಿ ಮೇಜಿನ ಮೇಲೆ ನಮ್ಮ ಕೆಮಿಸ್ಟಿನ ಗೆರೆ ಹರಡಿದರು. ತಂಪಿನಲ್ಲಿ ಇಟ್ಟಿದ್ದರೆ ಮುಕ್ಕಾಲು ಇರಬೇಕಾಗಿತ್ತು, ಸೊನ್ನೆ ಆಗಿದೆ, ಅಂದಮೇಲೆ ಈಯಮ್ಮ ಬಿಸಿಲಿಗೆ ಇಟ್ಟು ಮರೆತಿದ್ದಾಳೆ ಅಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಆದರೆ ಆ ಗೆರೆ ನೋಡಿದರೆ ನೀನಾದರೂ ಹಾಗೇ ಅನ್ನುತ್ತಿದ್ದೆ, ನಾನಾದರೂ ಹಾಗೇ ಅನ್ನುತ್ತಿದ್ದೆ.

ಕೆಮಿಸ್ಟನ್ನೂ ಕರೆಸಿದ್ದರು. ಪುಸ್ತಕ ಅವನ ಚೀಲದಲ್ಲೇ ಇತ್ತು. ನರ್ಸ್ ಎದ್ದು ಬಂದು ಗೆರೆಯ ಮೇಲೆ ಬೆರಳಿಟ್ಟು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹುಡುಕಿದಳು.

"ಇದರಲ್ಲಿ ನನ್ನ ಬಾಟಲಿ ಎಲ್ಲಿ ಬರುತ್ತೆ ಸಾರ್?" ಎಂದು ಕೇಳಿದಳು.

"ಬರುವುದಿಲ್ಲಮ್ಮ. ಈ ಹಾಳೆಯಲ್ಲಿ ಸೊನ್ನೆಗೆ ಜಾಗವಿಲ್ಲ" ಎಂದ ಕೆಮಿಸ್ಟ್.

"ಹಾಗಾದರೆ ಸೊನ್ನೆ ಬಂದದ್ದು ನನ್ನದೊಂದೇ ಅಂತ ಇವರಿಗೆ ಹೇಗೆ ಗೊತ್ತಾಗುತ್ತೆ?"

ಅವಳು ಲಾಗ್ ಓದಿದವಳಲ್ಲ ಕಣಮ್ಮ. ಆ ಕೋಣೆಯಲ್ಲಿ ಓದಿದವರು ನಾಲ್ಕು ಜನ ಇದ್ದರು, ಒಬ್ಬರ ಬಾಯಲ್ಲೂ ಆ ಪ್ರಶ್ನೆ ಬರಲಿಲ್ಲ. ಕೆಮಿಸ್ಟಿಗೆ ಮೂರು ಪ್ರಶ್ನೆ ಚಿಹ್ನೆ ಕಣ್ಣಿಗೆ ಕಟ್ಟಿದವು. ಕೈ ಚೀಲದ ಮೇಲೆ ಹೋಯಿತು. ಅಧಿಕಾರಿ ಗಡಿಯಾರ ನೋಡಿಕೊಂಡು ಮುಂದಕ್ಕೆ ಹೋಗೋಣ ಅಂದರು. ಅವನು ಕೈ ಹಿಂದಕ್ಕೆ ತೆಗೆದುಕೊಂಡ. ನರ್ಸನ್ನು ಕೆಲಸದಿಂದ ತೆಗೆದರು.

ಆರು ದಿನ ಅವನಿಗೆ ಅನ್ನ ಸೇರಲಿಲ್ಲ. ಏಳನೇ ದಿನ ಪುಸ್ತಕ ತೆಗೆದುಕೊಂಡು ಹೋಗಿ ಅಧಿಕಾರಿಯ ಮೇಜಿನ ಮೇಲೆ ಇಟ್ಟ. ಆಮೇಲೆ ಬಾಟಲಿಗಳನ್ನು ತರಿಸಿ ನೋಡಿದರು. ಕಾರ್ಖಾನೆಯ ಒಂದು ಯಂತ್ರ ಮಾತ್ರ ಬಾಟಲಿಯ ರಬ್ಬರಿನ ಬಿರಡೆಯನ್ನು ಸರಿಯಾಗಿ ಒತ್ತುತ್ತಿರಲಿಲ್ಲ. ಗಾಳಿ ಒಳಗೆ ಹೋಗಿ, ತಂಪಿನಲ್ಲಿ ಇಟ್ಟರೂ ಔಷಧ ಕೆಡುತ್ತಿತ್ತು. ಅವನು ಆ ಮೂರು ಬಾಟಲಿಗಳನ್ನು ಅವತ್ತೇ ಕೈಗೆ ತೆಗೆದುಕೊಂಡು ಬಿರಡೆ ಅಲ್ಲಾಡಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು. ಮಾಮೂಲಿ ಹಾಳೆಯಲ್ಲಿ ಬರೆದಿದ್ದರೂ ಸಾಕಾಗಿತ್ತು, ಮೂರು ಚುಕ್ಕೆ ನೆಲ ಕಚ್ಚಿ ಕೂತಿರುತ್ತಿದ್ದವು, ಕಸ ಗುಡಿಸಲು ಬಂದವರೂ ಇದೇನು ಸಾರ್ ಅಂತ ಕೇಳುತ್ತಿದ್ದರು.

ನರ್ಸಿನ ಮೇಲಿನ ಆದೇಶ ರದ್ದಾಗಲು ಎಂಟು ತಿಂಗಳು ಹಿಡಿಯಿತು. ಕಾಗದ ತೆಗೆದುಕೊಳ್ಳಲು ಅವಳು ಬಂದ ದಿನ ಕೆಮಿಸ್ಟ್ ಬಾಗಿಲಲ್ಲಿ ಕಾದು ನಿಂತಿದ್ದ. ಕ್ಷಮಿಸಿ ಎಂದು ಹೇಳಲು ಬಂದಿದ್ದ. ಅವಳೇ ಮೊದಲು ಮಾತಾಡಿದಳು.

"ಎಂಟು ತಿಂಗಳು ಅದೇ ಯೋಚನೆ ಸಾರ್. ಯಾವತ್ತು ಮಂಜುಗಡ್ಡೆ ಬದಲಾಯಿಸೋದು ತಡ ಆಯ್ತು, ಯಾವತ್ತು ಡಬ್ಬಿ ಮುಚ್ಚೋದು ಮರೆತೆ ಅಂತ. ಕೊನೆಗೆ ನಾನೇ ಮರೆತಿರಬೇಕು ಅಂತ ನಂಬಿಬಿಟ್ಟಿದ್ದೆ. ಆ ಮಗುವಿನ ಅಜ್ಜಿ ಮನೆಗೆ ಹೋಗಿ, ನಾನೇ ಮರೆತೆ ಅಂತ ಕಾಲು ಹಿಡ್ಕೊಂಡು ಬಂದಿದ್ದೀನಿ."

ಕೆಲಸ ವಾಪಸ್ಸು ಕೊಟ್ಟರು. ಹೆರಿಗೆ ಕೋಣೆಗೆ ಮಾತ್ರ ಅವಳು ಮತ್ತೆ ಕಾಲಿಡಲಿಲ್ಲ. ಚೀಟಿ ಬರೆಯುವ ಕೌಂಟರಿನಲ್ಲಿ ಕೂತು ಸರ್ವೀಸು ಮುಗಿಸಿದಳು. ಅಂಥ ಕೈಗಳು ಬೇಕಾಗಿದ್ದ ಊರು ಅದು.

ಮೇಷ್ಟ್ರು ಕತೆ ನಿಲ್ಲಿಸಿ ನೀರು ಕುಡಿದರು. ನನಗೆ ಈ ಕತೆ ಹೇಳಿ ಹೇಳಿ ಸಾಕಾಗಿದೆ, ಪ್ರತಿ ವರ್ಷ ಯಾರಾದರೊಬ್ಬರು ಸೊನ್ನೆ ಹಿಡಿದುಕೊಂಡು ಬರುತ್ತೀರಿ ಎಂದು ಗೊಣಗಿದರು.

ಜಬೀನಾ ತನ್ನ ಹಾಳೆಯನ್ನು ನೋಡುತ್ತ ಕೂತಿದ್ದಳು. ಹದಿನಾಲ್ಕು ಚುಕ್ಕೆ ಹಾಗೇ ಸಾಲು ನಿಂತಿದ್ದವು.

"ಪಾಪ ಅನ್ನಿಸುತ್ತೆ ಮೇಷ್ಟ್ರೇ. ಆದರೂ ಆ ಕೆಮಿಸ್ಟ್ ಬೇಕೂಂತ ಬಿಟ್ಟದ್ದಲ್ಲವಲ್ಲ" ಎಂದಳು ಮೆಲ್ಲಗೆ. "ಸೊನ್ನೆಗೆ ಜಾಗ ಕೊಡದೆ ಇದ್ದದ್ದು ಹಾಳೆ."

ಮೇಷ್ಟ್ರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು.

"ಹಾಳೆ ಆರಿಸಿದ್ದು ಯಾರಮ್ಮ, ಸೊನ್ನೆಯೇ?"

ಜಬೀನಾ ತನ್ನ ಪುಸ್ತಕ ತೆರೆದು, ಆ ಮೂರು ಕ್ಯಾನು ಯಾವ ಅಂಗನವಾಡಿಯವೆಂದು ಹುಡುಕತೊಡಗಿದಳು.