ಮೋಟುಹಗ್ಗದ ಕೆರೆ

ನಮ್ಮ ಕೆರೆಗೆ ಬರುವವರು ಮೊದಲು ಹಕ್ಕಿ ನೋಡುತ್ತಾರೆ, ಆಮೇಲೆ ಏರಿಯ ಮೇಲಿನ ಎರಡು ಕಲ್ಲುಕಂಬಗಳನ್ನು ನೋಡುತ್ತಾರೆ. ಕಂಬಗಳ ನಡುವಿನ ತೊಲೆಯಿಂದ ಜೋತುಬಿದ್ದ ಹಗ್ಗದ ತುಂಡುಗಳನ್ನು ಕಂಡು, ‘ಇಲ್ಲಿ ಯಾರಾದರೂ ನೇಣು ಹಾಕಿಕೊಂಡಿದ್ದರಾ?’ ಎಂದು ಮೆಲ್ಲಗೆ ಕೇಳುತ್ತಾರೆ. ‘ಬಿಡ್ತು ಅನ್ರಿ!’ ಎಂದು ಗದರಿಸಿ, ಪಕ್ಕದಲ್ಲಿ ಕೂರಿಸಿಕೊಂಡು ಕಥೆ ಹೇಳುವುದು ನನ್ನ ಕೆಲಸ. ನಮ್ಮದು ತಲೆತಲಾಂತರದಿಂದ ಈ ಕೆರೆ ಕಾಯುವ ನೀರುಗಂಟಿಗಳ ಮನೆತನ. ಅಜ್ಜ ನನಗೆ ಹೇಳಿದ್ದನ್ನು ನಾನು ನಿಮಗೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡಿ.

ಹಿಂದೆ ಒಮ್ಮೆ, ಬಾವಿಗೆ ಎತ್ತು ಕಟ್ಟಿ ಕಪಿಲೆ ಹೊಡೆದು ನೀರೆತ್ತುತ್ತಿದ್ದ ಕಾಲದಲ್ಲಿ, ಈ ಕೆರೆಯೊಳಗಿನ ಜಾಲಿಮರಗಳಿಗೆ ವರ್ಷವರ್ಷವೂ ಹೆಜ್ಜಾರ್ಲೆ ಹಕ್ಕಿಗಳು ಬಂದು ಗೂಡು ಕಟ್ಟುತ್ತಿದ್ದವು. ಇವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರವರು ಕೆರೆಯ ಸುತ್ತ ಗಡಿಕಲ್ಲು ನೆಟ್ಟು, ಒಳಗಿನ ನೀರನ್ನು ಒಂದು ಚೊಂಬೂ ಮುಟ್ಟುವುದಿಲ್ಲವೆಂದು ಆಣೆ ಮಾಡಿದ್ದರು. ಆಣೆಯನ್ನು ಯಾರೂ ಮುರಿಯಲಿಲ್ಲ. ಆದರೆ ಗಡಿಕಲ್ಲಿನಾಚೆ ವೀಳ್ಯದೆಲೆ ತೋಟಗಳು ಹೆಚ್ಚಿದವು, ಬಾವಿಗಳು ಹೆಚ್ಚಿದವು, ಐದು ಮಾರಿನ ಹಗ್ಗ ಹತ್ತು ಮಾರಾಯಿತು. ಒಂದು ವರ್ಷ ಮಳೆ ಚೆನ್ನಾಗಿಯೇ ಆಗಿದ್ದರೂ, ಮರಿಗಳ ರೆಕ್ಕೆ ಬಲಿಯುವ ಮೊದಲೇ ಕೆರೆ ಬತ್ತತೊಡಗಿತು. ನೀರು ಆರಿದರೆ ತಾಯಿಹಕ್ಕಿಗಳು ಎದ್ದು ಹೋಗುತ್ತವೆ, ಮರಿಗಳು ಗೂಡಿನಲ್ಲೇ ಸಾಯುತ್ತವೆ. ಯಾವನೋ ನೀರು ಕದಿಯುತ್ತಿದ್ದಾನೆಂದು ಊರವರು ಏರಿಯ ಮೇಲೆ ಕಾವಲು ಹಾಕಿದರಂತೆ. ಕಳ್ಳರೇ ಸರದಿಯ ಮೇಲೆ ಕಾವಲು ಕೂತರು, ನೋಡಿ!

ಊರಿಗೆಲ್ಲ ಆಳದ ಬಾವಿ ಕೆಂಚಕ್ಕನದು. ಗಂಡ ತೀರಿದ ಮೇಲೆ ಎಂಟು ವರ್ಷ ಬೆನ್ನು ಮುರಿದು ಎಬ್ಬಿಸಿದ ಎಲೆತೋಟವೇ ಅವಳ ಜೀವವಾಗಿತ್ತು. ಆ ಬೇಸಿಗೆಯಲ್ಲಿ ಅವಳ ಅತ್ತೆ ಸತ್ತರು. ಸೂತಕದ ಹನ್ನೊಂದು ದಿನ ಬಾವಿಗೆ ಹಗ್ಗ ಇಳಿಸಬಾರದೆಂಬುದು ಅವರ ಮನೆಯ ಕಟ್ಟಳೆ. ಹನ್ನೊಂದನೆಯ ದಿನ ಕೆರೆಯಂಗಳಕ್ಕೆ ಎಡೆ ಇಡಲು ಬಂದವಳು ಎಡೆಯನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟಳು ಎನ್ನುತ್ತಾರೆ. ಉಳಿದ ಕಡೆಯೆಲ್ಲ ಕೆಸರು ಒಣಗಿ ಬಿರಿದಿತ್ತು. ಅವಳ ಬಾವಿಯ ದಿಕ್ಕಿನ ಮೂಲೆಯಲ್ಲಿ ಮಾತ್ರ ನೀರು ಒಂದು ಗೇಣು ಏರಿತ್ತು. ‘ಅಯ್ಯೋ ನನ್ನ ಹಣೆಬರಹವೇ, ಕಳ್ಳಿ ನಾನೇ!’ ಎಂದು ಅವಳು ಅಲ್ಲೇ ಕುಸಿದು ಕೂತಳಂತೆ.

ಅತ್ತು ಮುಗಿಸಿ ಎದ್ದವಳು ನೇರವಾಗಿ ಊರಗೌಡನಾದ ಚಿಕ್ಕೀರೇಗೌಡನ ಜಗುಲಿಗೆ ಹೋಗಿ, ಕೆರೆ ಬತ್ತಿಸುತ್ತಿರುವುದು ನಮ್ಮ ಬಾವಿಗಳೇ ಎಂದಳು. ಗೌಡ ನಕ್ಕ. ‘ಬಾವಿ ನಂದು, ಹೊಲ ನಂದು. ನಾನೇನು ಗಡಿಕಲ್ಲು ದಾಟಿ ಕೆರೆಯೊಳಕ್ಕೆ ಬಂದಿದ್ದೀನಾ?’

‘ನೀನು ಹೋಗಿಲ್ಲ ಮಾವ. ಕೆರೇನೇ ನಿನ್ನ ಬಾವಿಗೆ ಬಂದೈತೆ.’

ಗೌಡ ಎದ್ದು ಒಳಗೆ ಹೋದ. ಕೆಂಚಕ್ಕ ಏರಿಯ ಮೇಲಿಂದ ಕೆರೆಯ ತಳಕ್ಕೆ ಹಗ್ಗ ಬಿಟ್ಟು ಅಳೆದಳು. ಸರಿಯಾಗಿ ಐದು ಮಾರು. ಕೆರೆಯ ತಳಕ್ಕಿಂತ ಕೆಳಗಿನ ನೀರಿಗೆ ತನ್ನ ನೀರೆತ್ತುವ ಬಾನಿ ಮುಟ್ಟಕೂಡದೆಂದು, ಎಲ್ಲರೂ ನೋಡುತ್ತಿದ್ದಂತೆ ಮಚ್ಚಿನಿಂದ ತನ್ನ ಕಪಿಲೆಯ ಹಗ್ಗವನ್ನು ಅರ್ಧಕ್ಕೆ ಕಡಿದು, ಆ ತುಂಡನ್ನು ಏರಿಯ ಮೇಲಿನ ಈ ತೊಲೆಗೆ ಕಟ್ಟಿದಳು. ಮಾರನೆಯ ದಿನದಿಂದ ಬಾನಿ ಖಾಲಿಯಾಗಿಯೇ ಮೇಲೆ ಬಂತು. ಜನ ‘ಮೋಟುಹಗ್ಗದ ಕೆಂಚಿ’ ಎಂದು ಆಡಿಕೊಂಡರು. ತಿಂಗಳೊಳಗೆ ಎಂಟು ವರ್ಷದ ಬಳ್ಳಿಗಳು ಸುಟ್ಟುಹೋದವು. ಅವಳು ಪ್ರತಿ ಬಳ್ಳಿಯನ್ನೂ ಮುಟ್ಟಿ ಅತ್ತಳು, ಹಗ್ಗವನ್ನು ಮಾತ್ರ ಮತ್ತೆ ಗಂಟು ಹಾಕಿ ಉದ್ದ ಮಾಡಲಿಲ್ಲ. ಅಷ್ಟರಲ್ಲಿ ಕೆರೆಯ ಹೆಜ್ಜಾರ್ಲೆಗಳೆಲ್ಲ ಅವಳ ಮೂಲೆಯ ಆ ಒಂದು ಮಡುವಿಗೆ ಬಂದು ಮೀನು ಹಿಡಿದು ಮರಿಗಳಿಗೆ ಉಣಿಸತೊಡಗಿದವು. ಗೌಡ ಮೂರು ದಿನ ಏರಿಯ ಮೇಲೆ ಬಂದು ನಿಂತು ನೋಡಿದ. ನಾಲ್ಕನೆಯ ದಿನ ಹೆಗಲ ಮೇಲೆ ತನ್ನ ಹಗ್ಗ ಹೊತ್ತು ಬಂದು, ‘ಅಳತೆ ಹಿಡಿ ಕೆಂಚಕ್ಕ’ ಎಂದ. ಮರಿಗಳು ಹಾರುವ ಹೊತ್ತಿಗೆ ತೊಲೆಯ ತುಂಬ ಹಗ್ಗದ ತುಂಡುಗಳಿದ್ದವು. ಕೆಂಚಕ್ಕ ಎಲೆತೋಟವನ್ನು ಮತ್ತೆ ಎಬ್ಬಿಸಲಿಲ್ಲ. ಅದೇ ಹೊಲದಲ್ಲಿ ರಾಗಿ ಬಿತ್ತಿ ಬದುಕಿದಳು. ಆಡಿಕೊಂಡವರ ಮಾತೇ ಕೆರೆಯ ಹೆಸರಾಗಿ ನಿಂತಿತು.

ಈಗ ಬಂದವರು ಗಡಿಕಲ್ಲಿನ ಜಾಗದಲ್ಲಿ ತಂತಿಬೇಲಿಯನ್ನೂ ‘ಸಂರಕ್ಷಿತ ಪ್ರದೇಶ’ ಎಂಬ ಬೋರ್ಡನ್ನೂ ನೋಡುತ್ತಾರೆ. ಒಂದು ಚೊಂಬು ನೀರನ್ನೂ ಯಾರೂ ಮುಟ್ಟುವುದಿಲ್ಲ. ಬೇಲಿಯಾಚೆ ಮೂವತ್ತೆರಡು ಬೋರ್‌ವೆಲ್ಲುಗಳು ಹಗಲೆಲ್ಲ ಓಡುತ್ತವೆ. ಮೂರು ವರ್ಷದಿಂದ ಸಂಕ್ರಾಂತಿ ಕಳೆಯುತ್ತಲೇ ಕೆರೆ ತಳ ಕಾಣುತ್ತಿದೆ. ‘ಏನಜ್ಜ, ಹಗ್ಗಗಳ ನಡುವೆ ಇದೊಂದು ಕರಿ ಪೈಪು?’ ಎಂದು ಕೆಲವರು ಕೇಳುತ್ತಾರೆ. ಅದು ನನ್ನದು. ಹೋದ ವರ್ಷ ಮೋಟರು ಮೇಲೆತ್ತಿಸಿ, ಅಡಿಯ ಪೈಪುಗಳನ್ನು ಬಿಚ್ಚಿಸಿ, ಒಂದು ತುಂಡನ್ನು ಇಲ್ಲಿ ಕಟ್ಟಿದೆ. ಮನೆಯಲ್ಲಿ ಮಗ ಮಾತು ಬಿಟ್ಟಿದ್ದಾನೆ, ಬಾಳೆ ಒಣಗಿದೆ. ಒಣಗಲಿ. ಪೈಪಿನ ಪಕ್ಕದಲ್ಲಿ, ಉಳಿದ ಬೋರ್‌ವೆಲ್ಲುಗಳಿಗೆ ಒಂದೊಂದರಂತೆ, ಮೂವತ್ತೊಂದು ಮೊಳೆ ಹೊಡೆದಿಟ್ಟಿದ್ದೇನೆ. ಜನ ನಗುತ್ತಾರೆ, ನಾನು ದಿನಾ ಬಂದು ಮೊಳೆಗಳ ತುಕ್ಕು ಒರೆಸುತ್ತೇನೆ. ಹೋದ ಸೋಮವಾರ ಗೌಡರ ಮನೆಯ ಸೊಸೆ ಒಬ್ಬಳೇ ಏರಿ ಹತ್ತಿ ಬಂದಳು. ಬಹಳ ಹೊತ್ತು ಕೆರೆಯನ್ನೇ ನೋಡುತ್ತ ನಿಂತಿದ್ದು, ಆಮೇಲೆ ಕೇಳಿದಳು:

‘ಅಜ್ಜ, ಇದರಲ್ಲಿ ನಮ್ಮ ಮೊಳೆ ಯಾವುದು?’